ಸರ್ಕಾರಿ ಹೈಸ್ಕೂಲಿಗೆ ರೊಬೊಟಿಕ್ಸ್ ಸಾಮಾನು: ದಾನಿಗಳ ಹತ್ತಿರ ಏನು ಕೇಳಬೇಕು?

ವಿಜ್ಞಾನ ಟೀಚರ್, ಹೊಸದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟರಿಂದ ಹತ್ತನೇ ತರಗತಿವರೆಗೆ ಸುಮಾರು 140 ಮಕ್ಕಳಿದ್ದಾರೆ. ಮಕ್ಕಳು ತಾವೇ ಯಂತ್ರ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರ ಶಾಲೆಗಳಿಗೆ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ನಮಗೆ ಸಿಕ್ಕಿಲ್ಲ. ಅಷ್ಟು ದೊಡ್ಡ ಕೋಣೆಯೂ ನಮ್ಮಲ್ಲಿಲ್ಲ.

ಆದರೆ ಮಕ್ಕಳಿಗೆ ಆಸೆ ಇದೆ, ಕೈಯೂ ಓಡುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೆಟ್ಟ ಡಿವಿಡಿ ಪ್ಲೇಯರ್ ಬಿಚ್ಚಿ, ಅದರ ಟ್ರೇ ಹೊರಗೆ ತಳ್ಳುವ ಪುಟ್ಟ ಮೋಟರನ್ನೂ ಹಲ್ಲಿನ ಚಕ್ರಗಳನ್ನೂ ತೆಗೆದು, ರಟ್ಟಿನ ರೈಲ್ವೆ ಗೇಟ್ ಮಾಡಿದ್ದಾಳೆ. ಸ್ವಿಚ್ ಒತ್ತಿದರೆ ಗೇಟ್ ನಿಧಾನವಾಗಿ ಏಳುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ.

ನಮ್ಮ ಶಾಲೆಯಲ್ಲೇ ಓದಿ ಈಗ ಬೆಂಗಳೂರಿನಲ್ಲಿರುವ ಒಬ್ಬರು ಅದರ ವಿಡಿಯೊ ನೋಡಿ, ಒಂದೂವರೆ ಲಕ್ಷ ರೂಪಾಯಿ ಕೊಡುತ್ತೇನೆ, ಏನೇನು ಬೇಕು ಪಟ್ಟಿ ಕಳಿಸಿ ಎಂದಿದ್ದಾರೆ. ಅಷ್ಟರಲ್ಲಿ ಒಂದು ಕಂಪನಿಯವರು ಬಂದು ರೊಬೊಟಿಕ್ಸ್ ಕಿಟ್ ತೋರಿಸಿ ಹೋದರು. ಚೆಂದವಾಗಿದೆ. ಆದರೆ ನಮ್ಮ ದುಡ್ಡಿಗೆ ಐದಾರು ಪೆಟ್ಟಿಗೆ ಮಾತ್ರ ಬರುತ್ತವೆ. ನಮ್ಮ ಹೆಚ್‌ಎಂ ಸರ್‌ಗೆ ಇನ್ನೊಂದು ಚಿಂತೆ. ದಾನದ ಸಾಮಾನು ಕಳೆದರೆ, ಕೆಟ್ಟರೆ ಆಡಿಟ್‌ನಲ್ಲಿ ಉತ್ತರ ಹೇಳೋರು ಯಾರು ಅಂತ ಕೇಳುತ್ತಿದ್ದಾರೆ.

ಪಟ್ಟಿಯಲ್ಲಿ ಏನು ಬರೆಯಲಿ? ದುಡ್ಡು ತಗೊಳ್ಳಲೋ, ಸಾಮಾನೇ ತಗೊಳ್ಳಲೋ? ಇಂಥದ್ದನ್ನು ನಡೆಸಿದವರು ದಯವಿಟ್ಟು ಹೇಳಿ.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಮೇಡಂ, ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ತಿಳಿಸಿ. ಮೋಟರಿನ ಜೊತೆ ಹಲ್ಲಿನ ಚಕ್ರಗಳನ್ನೂ ತೆಗೆದುಕೊಂಡಿದ್ದಾಳೆ ನೋಡಿ, ಅದು ದೊಡ್ಡ ಮಾತು. ವೇಗ ಇಳಿಸಿದರೆ ಬಲ ಸಿಗುತ್ತೆ ಅಂತ ಅವಳ ಕೈಗೆ ಗೊತ್ತಾಗಿದೆ.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದವನು. ಬಿಡುವಾದಾಗ ಸುತ್ತಮುತ್ತಲ ಶಾಲೆಗಳ ಲ್ಯಾಬ್ ನೋಡಿ ಬರುತ್ತೇನೆ. ದಾನವಾಗಿ ಬಂದ ಸಾಮಾನು ಬೀರು ಸೇರಿ ಕೂತಿದ್ದನ್ನೇ ಜಾಸ್ತಿ ಕಂಡಿದ್ದೇನೆ. ಕೇಳಿದರೆ ಕಾರಣ ಯಾವಾಗಲೂ ಸಣ್ಣದು. ಬ್ಯಾಟರಿ ಮುಗಿದಿರುತ್ತೆ. ಯುಎಸ್‌ಬಿ ಕೇಬಲ್ ಕಳೆದಿರುತ್ತೆ. ಒಂದು ಸೆನ್ಸರ್ ಸುಟ್ಟಿರುತ್ತೆ. ನೂರು ರೂಪಾಯಿ ಸಾಮಾನು ತರೋಕೆ ಬಾಬತ್ತು ಇಲ್ಲದೆ ಹತ್ತು ಸಾವಿರದ ಕಿಟ್ ನಿಂತುಹೋಗುತ್ತೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಹೇಳೋದು, ಒಂದೂವರೆ ಲಕ್ಷವನ್ನೂ ಈ ವರ್ಷವೇ ಖರ್ಚು ಮಾಡಬೇಡಿ. ಅಟಲ್ ಲ್ಯಾಬಿನ ಲೆಕ್ಕವನ್ನೇ ತಗೊಳ್ಳಿ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಆ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ. ಅದರಲ್ಲಿ ಲ್ಯಾಬ್ ಕಟ್ಟೋಕೆ 10 ಲಕ್ಷ, ಐದು ವರ್ಷದವರೆಗೆ ನಡೆಸೋಕೆ 10 ಲಕ್ಷ. ಅರ್ಧ ದುಡ್ಡು ನಡೆಸೋಕೇ ಅಂತ ಎತ್ತಿಟ್ಟಿದ್ದಾರೆ. ನೀವೂ ದಾನಿಯ ಹತ್ತಿರ ಹಾಗೇ ಕೇಳಿ. ಈ ವರ್ಷ ಅರುವತ್ತು ಸಾವಿರ ಕೊಡಿ, ಆಮೇಲೆ ಮೂರು ವರ್ಷ, ವರ್ಷಕ್ಕೆ ಮೂವತ್ತು ಸಾವಿರ ಕೊಡಿ ಅಂತ. ಶಾಲೆ ಮೇಲೆ ಪ್ರೀತಿ ಇರೋರು ಇದಕ್ಕೆ ಬೇಡ ಅನ್ನಲ್ಲ.

ಇನ್ನು ಪಟ್ಟಿ. ಮುಚ್ಚಿದ ಕಿಟ್ ಬೇಡ ಅಂತಲೇ ನನ್ನ ಅಭಿಪ್ರಾಯ. ಒಂದೇ ಕಂಪನಿಯ ತುಂಡುಗಳು, ಒಂದೇ ಕಂಪನಿಯ ಆ್ಯಪ್ ಇದ್ದರೆ ಅವರು ಕೈಬಿಟ್ಟ ದಿನ ನಾವೂ ನಿಲ್ಲಬೇಕಾಗುತ್ತೆ. ಲೆಗೋದಂಥ ದೊಡ್ಡ ಕಂಪನಿಯೇ ಮೈಂಡ್‌ಸ್ಟಾರ್ಮ್ಸ್ ಕಿಟ್‌ಗಳನ್ನು 2022ರ ಕೊನೆಗೆ ನಿಲ್ಲಿಸಿಬಿಟ್ಟಿತು. ಬಿಡಿ ಸಾಮಾನು ತಂದರೆ ಈ ಭಯ ಇಲ್ಲ. ಒಂದು ಪುಟ್ಟ ರೋಬೊಟ್ ಗಾಡಿಗೆ ಬೇಕಾದದ್ದು ಇಷ್ಟು: ನಾವು ಬರೆದ ಪ್ರೋಗ್ರಾಂನಂತೆ ಗಾಡಿ ನಡೆಸುವ ಆರ್ಡುಯಿನೊ ಉನೋ ಬೋರ್ಡು, ಎರಡು ಹಳದಿ ಗೇರ್ ಮೋಟರು, ಬೋರ್ಡಿನ ಮಾತಿನಂತೆ ಮೋಟರಿಗೆ ಕರೆಂಟ್ ಕೊಡುವ ಮೋಟರ್ ಡ್ರೈವರು, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರು, ಬೆಸುಗೆ ಇಲ್ಲದೆ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ಅದಕ್ಕೆ ಚುಚ್ಚುವ ಜಂಪರ್ ವೈರು, ತಳಕ್ಕೆ ಒಂದು ಹಲಗೆ, ಬ್ಯಾಟರಿ. ಎಲ್ಲ ಸೇರಿ ಒಂದು ಗಾಡಿಗೆ ಎರಡು ಸಾವಿರದೊಳಗೆ ಆಗುತ್ತೆ. ಹತ್ತು ಗಾಡಿ ಮಾಡಿ. ನಾಲ್ಕು ಮಕ್ಕಳಿಗೆ ಒಂದು ಅಂದರೂ ಒಂದೇ ಸಲ ನಲವತ್ತು ಮಕ್ಕಳು ಕೂರಬಹುದು. ಎಲ್ಲವೂ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ.

ಜೊತೆಗೆ ದಾನಿಗಳಿಗೆ ತೋಚದ ಸಾಮಾನುಗಳನ್ನು ಬರೆಯೋದು ಮರೆಯಬೇಡಿ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಬೆಸುಗೆ ಹಾಕೋ ಸೀಸ, ವೈರ್ ಕಟ್ಟರ್, ಸಣ್ಣ ಸ್ಕ್ರೂಡ್ರೈವರ್ ಸೆಟ್, ಬಿಸಿ ಅಂಟಿನ ಗನ್, ಹೆಚ್ಚುವರಿ ಕೇಬಲ್, ಕಣ್ಣಿಗೆ ಕನ್ನಡಕ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಖಂಡಿತ ತರಿಸಿ. ಪ್ರತಿ ಗುಂಪಿಗೆ ನಂಬರ್ ಬರೆದ ಒಂದು ಡಬ್ಬಿ. ಮುಚ್ಚಳದ ಒಳಗೆ ಏನೇನಿದೆ ಅಂತ ಚೀಟಿ ಅಂಟಿಸಿ. ಪೀರಿಯಡ್ ಮುಗಿಯುವಾಗ ಮಕ್ಕಳೇ ಎಣಿಸಿ ಇಡುತ್ತಾರೆ.

ಹೆಚ್‌ಎಂ ಸರ್ ಚಿಂತೆ ನ್ಯಾಯವಾದದ್ದೇ. ಅವರಿಗೆ ಎರಡು ದಾಸ್ತಾನು ವಹಿ ಇಡೋಕೆ ಹೇಳಿ. ಲ್ಯಾಪ್‌ಟಾಪ್, ಮಲ್ಟಿಮೀಟರ್ ಬಾಳಿಕೆ ಸಾಮಾನಿನ ವಹಿಗೆ. ಎಲ್‌ಇಡಿ, ವೈರು, ಸೆನ್ಸರು, ಮೋಟರು ಬಳಸಿ ಮುಗಿಯುವ ಸಾಮಾನಿನ ವಹಿಗೆ. ಸುಟ್ಟುಹೋದ ಸೆನ್ಸರು ಕೆಮಿಸ್ಟ್ರಿ ಲ್ಯಾಬಿನಲ್ಲಿ ಮುಗಿದ ಆಸಿಡ್ ಇದ್ದಂತೆ, ಮಕ್ಕಳು ಕಲಿತ ಖರ್ಚು ಅದು. ಹಾಗಂತ ಮೊದಲೇ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಠರಾವು ಬರೆಸಿಬಿಡಿ. ದಾನಪತ್ರದಲ್ಲೂ ದಾನಿಯಿಂದ ಒಂದು ಸಾಲು ಬರೆಸಿಕೊಳ್ಳಿ: ಮಕ್ಕಳ ಕೈಯಲ್ಲಿ ಬಳಸಿ ಕೆಟ್ಟರೆ ಆಕ್ಷೇಪ ಇಲ್ಲ. ಈ ಒಂದು ಸಾಲಿಗೆ ಬೀರುವಿನ ಬೀಗ ತೆಗೆಸುವ ಶಕ್ತಿ ಇದೆ.

ಹಳ್ಳಿ ಶಾಲೆ ಹುಡುಗ, ವೈಟ್‌ಫೀಲ್ಡ್

ಮೇಷ್ಟ್ರು ಹೇಳಿದ್ದಕ್ಕೆ ನನ್ನದು ಸ್ವಲ್ಪ ಸೇರಿಸುತ್ತೇನೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಆಫೀಸಿನ ಸಿಎಸ್‌ಆರ್ ತಂಡದ ಜೊತೆ, ಅಂದರೆ ಕಂಪನಿಯ ದುಡ್ಡನ್ನು ಸಮಾಜದ ಕೆಲಸಕ್ಕೆ ಕೊಡುವವರ ಜೊತೆ, ಓಡಾಡುತ್ತೇನೆ.

ಬೋರ್ಡಿಗೆ ಪ್ರೋಗ್ರಾಂ ಹಾಕೋಕೆ ಲ್ಯಾಪ್‌ಟಾಪ್ ಬೇಕು, ಆದರೆ ಅದಕ್ಕೆ ದುಡ್ಡು ಹಾಕಬೇಡಿ ಮೇಡಂ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಳೇ ಪ್ರೊಸೆಸರ್ ಇರುವ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಹಾಕೋಕೆ ಬರಲ್ಲ. ಅಂಥವು ಆಫೀಸುಗಳಿಂದ ಹೊರಗೆ ಬರುತ್ತಿವೆ. ಯಂತ್ರ ಮಾತ್ರ ಗಟ್ಟಿಯಾಗಿರುತ್ತೆ. ಅವನ್ನೇ ದಾನವಾಗಿ ಕೇಳಿ. ಕೇಳುವಾಗ ಚಾರ್ಜರ್ ಸಮೇತ ಕೊಡಿ, ಡಿಸ್ಕ್ ಹಾಕಿ ಕೊಡಿ ಅಂತ ಬಾಯಿಬಿಟ್ಟು ಹೇಳಿ. ಡೇಟಾ ಭಯಕ್ಕೆ ಡಿಸ್ಕ್ ಬಿಚ್ಚಿಕೊಂಡು ಕೊಡುವವರು ಇದ್ದಾರೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದರೆ ಆರ್ಡುಯಿನೊ ಕೆಲಸಕ್ಕೆ ಧಾರಾಳವಾಗಿ ಸಾಕು. ಅಗ್ಗದ ಉನೋ ಬೋರ್ಡುಗಳಲ್ಲಿ ಯುಎಸ್‌ಬಿ ಮೂಲಕ ಕಂಪ್ಯೂಟರ್ ಜೊತೆ ಮಾತಾಡೋಕೆ ಸಿಎಚ್340 ಅನ್ನೋ ಚಿಪ್ ಇರುತ್ತೆ. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದ ಡ್ರೈವರ್ ಸಾಫ್ಟ್‌ವೇರ್ ಮೊದಲೇ ಇರುತ್ತೆ, ನೀವು ಬಳಸುವ ಖಾತೆಯನ್ನು ಬೋರ್ಡ್ ಮುಟ್ಟೋಕೆ ಅನುಮತಿ ಇರುವ 'ಡಯಲ್‌ಔಟ್' ಗುಂಪಿಗೆ ಸೇರಿಸಿದರೆ ಆಯಿತು.

ದಾನಿ ತೆರಿಗೆ ವಿನಾಯಿತಿ ಕೇಳುತ್ತಾರಾ ಅಂತ ಮೊದಲೇ ವಿಚಾರಿಸಿ. 80ಜಿ ಅಂತ ಕರೆಯೋ ಆ ಆದಾಯ ತೆರಿಗೆ ವಿನಾಯಿತಿ ಸಿಗೋದು ದುಡ್ಡಿನ ದಾನಕ್ಕೆ ಮಾತ್ರ, ಸಾಮಾನಿಗೆ ಇಲ್ಲ. ನಗದಾದರೆ 2,000 ರೂಪಾಯಿ ಮೀರುವ ಹಾಗಿಲ್ಲ. ಅದೂ 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರೋರಿಗೆ ಹೇಗೂ ಅದು ಸಿಗಲ್ಲ. ನಿಮ್ಮ ದಾನಿಗೆ ಅದೇನೂ ಬೇಡ ಅಂದರೆ ಸಾಮಾನೇ ಕೊಡಿಸೋದು ಸುಲಭ, ಬಿಲ್ ಪ್ರತಿ ಮಾತ್ರ ಇಸ್ಕೊಳ್ಳಿ.

ಕಂಪನಿ ದುಡ್ಡು ಬೇರೆ ದಾರಿ. 2013ರ ಕಂಪನಿ ಕಾಯ್ದೆ ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇರೋ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆದರೆ ಒಂದು ಶಾಲೆಗೆ ಅಂತ ಪತ್ರ ಬರೆದರೆ ಓದೋರು ಕಮ್ಮಿ. ಅಕ್ಕಪಕ್ಕದ ನಾಲ್ಕೈದು ಶಾಲೆ ಸೇರಿ ಒಂದೇ ಪತ್ರ ಕೊಡಿ. ಒಳಗೆ ಕೆಲಸ ಮಾಡುವ ನಿಮ್ಮೂರಿನವರೊಬ್ಬರು ಆ ಪತ್ರ ಹಿಡಿದು ಓಡಾಡಬೇಕು. ಶಾಲೆಗಳಿಗೆ ನೆರವು ಕೊಡೋರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆಯ ಯುಡೈಸ್ ಕೋಡ್ (ಸರ್ಕಾರದ ಗುರುತಿನ ಸಂಖ್ಯೆ) ಹಾಕಿ ನಿಮ್ಮ ಬೇಡಿಕೆಯನ್ನೂ ಏರಿಸಿಡಿ. ಶಾಲೆಯ ಬೇಡಿಕೆ ಕಣ್ಣಿಗೆ ಕಾಣುವ ಜಾಗದಲ್ಲಿ ಇದ್ದರೆ ಕೇಳೋದು ಸುಲಭ.

ಮಿಷಿಗನ್ ಕನ್ನಡತಿ

ಮೇಡಂ, ನಾನು ಇಲ್ಲಿನ ಒಂದು ಹೈಸ್ಕೂಲ್ ರೊಬೊಟಿಕ್ಸ್ ತಂಡಕ್ಕೆ ಮೆಂಟರ್. ಡೀನ್ ಕೇಮನ್ 1989ರಲ್ಲಿ ಕಟ್ಟಿದ 'ಫಸ್ಟ್' ಸಂಸ್ಥೆಯ ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಆಡುತ್ತಾರೆ. ಅಲ್ಲಿ ದಾನ ಕೇಳೋದೂ ಮಕ್ಕಳದ್ದೇ ಕೆಲಸ. ಊರಿನ ಹಾರ್ಡ್‌ವೇರ್ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್, ಕಾರಿನ ಬಿಡಿಭಾಗದ ಕಾರ್ಖಾನೆ, ಎಲ್ಲಿಗೆ ಹೋದರೂ ರೋಬೊಟ್ ಜೊತೆಗೇ ತಗೊಂಡು ಹೋಗುತ್ತಾರೆ. ಕೊಟ್ಟವರ ಹೆಸರು ಟೀ ಶರ್ಟಿನ ಬೆನ್ನಿಗೆ ಬರುತ್ತೆ. ಸೀಸನ್ ಮುಗಿದ ಮೇಲೆ ಮಕ್ಕಳು ಮತ್ತೆ ಹೋಗಿ ಏನು ಮಾಡಿದೆವು ಅಂತ ತೋರಿಸಿ ಬರುತ್ತಾರೆ. ಮುಂದಿನ ವರ್ಷದ ದುಡ್ಡು ಬರೋದು ಆ ಎರಡನೇ ಭೇಟಿಯಿಂದ. ನಿಮ್ಮ ಹುಡುಗಿಯ ರೈಲ್ವೆ ಗೇಟನ್ನು ಹೊಸದುರ್ಗದ ಮೋಟರ್ ರಿವೈಂಡಿಂಗ್ ಅಂಗಡಿಗೆ ಒಯ್ದು ತೋರಿಸಿ. ಬೇಡವಾದ ತಂತಿ, ಬೇರಿಂಗು, ಹಳೇ ಟ್ರಾನ್ಸ್‌ಫಾರ್ಮರ್ ಅವರು ಸುಮ್ನೆ ಕೊಟ್ಟಾರು.

ಒಂದು ಎಚ್ಚರಿಕೆ ಮಾತು. ನಮ್ಮಂಥವರು ಪ್ರೀತಿಯಿಂದ ಡಾಲರ್ ಕಳಿಸ್ತೀವಿ ಅಂದರೂ ಶಾಲೆ ಖಾತೆಗೆ ನೇರ ಹಾಕಿಸಿಕೊಳ್ಳಬೇಡಿ. ನಾನು ಈಗ ಅಮೆರಿಕದ ಪ್ರಜೆ. ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ನನ್ನ ದುಡ್ಡು ಎಫ್‌ಸಿಆರ್‌ಎ, ಅಂದರೆ ಭಾರತದ ವಿದೇಶಿ ದೇಣಿಗೆ ಕಾನೂನಿನ ಕಣ್ಣಲ್ಲಿ ವಿದೇಶಿ ದೇಣಿಗೆಯೇ. ನಾನು ಕೊಟ್ಟ ಸಾಮಾನಿಗೂ ಅದೇ ಕಾನೂನು. ಅದನ್ನು ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕವೇ ತರಬೇಕು. ಭಾರತದ ಪಾಸ್‌ಪೋರ್ಟ್ ಇರೋರು ಇಲ್ಲಿ ದುಡಿದ ಸ್ವಂತ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ. ಕೊಡೋರ ಪಾಸ್‌ಪೋರ್ಟ್ ಯಾವುದು ಅಂತ ಸಂಕೋಚ ಬಿಟ್ಟು ಕೇಳಿ.

ವಿಜ್ಞಾನ ಟೀಚರ್, ಹೊಸದುರ್ಗ ತಾಲ್ಲೂಕು

ಇಷ್ಟು ವಿವರವಾಗಿ ಬರೆದಿದ್ದೀರಿ, ಮೂವರಿಗೂ ತುಂಬಾ ಧನ್ಯವಾದ. ಠರಾವಿನ ವಿಚಾರ ಹೆಚ್‌ಎಂ ಸರ್‌ಗೆ ಓದಿ ಹೇಳಿದೆ, ಒಪ್ಪಿದರು. ದಾನಿಯೂ ನಾಲ್ಕು ವರ್ಷಕ್ಕೆ ಹಂಚಿ ಕೊಡೋಕೆ ಸೈ ಅಂದರು.

ಮೇಷ್ಟ್ರೇ, ಎರಡು ಪ್ರಶ್ನೆ ಉಳಿದಿವೆ. ಬ್ಯಾಟರಿ ಯಾವುದು ತರಿಸಲಿ? ಮತ್ತೆ ಮಕ್ಕಳಿಗೆ ಗಾಡಿಗಿಂತ ತೋಟದ ಮೇಲೆ ಕಣ್ಣು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೋ ಬರುತ್ತೆ, ಅಪ್ಪಂದಿರು ರಾತ್ರಿ ಎದ್ದು ಪಂಪ್ ಹಾಕೋಕೆ ತೆಂಗಿನ ತೋಟಕ್ಕೆ ಹೋಗಬೇಕು. ಅದಕ್ಕೆ ಏನಾದರೂ ಮಾಡೋಣ ಮಿಸ್ ಅಂತಾರೆ.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ತುಂಬಾ ಖುಷಿಯಾಯಿತು ಮೇಡಂ. ಮಕ್ಕಳು ಕೇಳಿದ್ದನ್ನೇ ಮಾಡಿಸಿ. ಅಪ್ಪನ ನಿದ್ದೆ ಉಳಿಸೋಕೆ ಅಂತ ಕೂತ ಹುಡುಗ ಬೇಗ ಎದ್ದು ಹೋಗಲ್ಲ.

ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮಾತ್ರ ಬೇಡವೇ ಬೇಡ. ಅದರಲ್ಲಿ ವೋಲ್ಟೇಜ್ ಇದ್ದರೂ ಎರಡು ಮೋಟರ್ ಎಳೆಯುವಷ್ಟು ಕರೆಂಟ್ ಕೊಡೋ ತಾಕತ್ತಿಲ್ಲ. ಗಾಡಿ ಒಂದು ಗೇಣು ಹೋಗುತ್ತೆ, ವೋಲ್ಟೇಜ್ ಕುಸಿಯುತ್ತೆ, ಬೋರ್ಡು ರೀಸೆಟ್ ಆಗಿ ನಿಲ್ಲುತ್ತೆ. ಪಾಪ, ಮಕ್ಕಳು ಪ್ರೋಗ್ರಾಂ ತಪ್ಪಾಗಿದೆ ಅಂತ ಇಡೀ ಪೀರಿಯಡ್ ಹುಡುಕುತ್ತಾರೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್ ಆರು ಹಾಕಿ. ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2. ಎಲ್298ಎನ್ ಅನ್ನೋ ಮೋಟರ್ ಡ್ರೈವರ್ ಅದರಲ್ಲಿ ಸುಮಾರು 2 ವೋಲ್ಟ್ ತಿನ್ನುತ್ತೆ. ಉಳಿದ 5 ವೋಲ್ಟ್ ಆ ಹಳದಿ ಮೋಟರಿಗೆ ಸರಿಯಾಗಿದೆ. ನಾಲ್ಕೇ ಸೆಲ್ ಹಾಕಿದರೆ ಮೋಟರಿಗೆ ಮೂರು ವೋಲ್ಟೂ ಉಳಿಯಲ್ಲ. ಲಿಥಿಯಂ ಸೆಲ್‌ಗೆ ಶಕ್ತಿ ಜಾಸ್ತಿ, ಆದರೆ ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಮೊದಲ ವರ್ಷ ಅದು ಬೇಡ.

ತೋಟದ ಕೆಲಸಕ್ಕೆ ಮಣ್ಣಿನ ತೇವ ಅಳೆಯುವ ಸೆನ್ಸರ್ ತರಿಸಿ, ಲೋಹ ಮಣ್ಣಿಗೆ ತಾಗದ 'ಕೆಪ್ಯಾಸಿಟಿವ್' ಬಗೆಯದು ಅಂತ ಕೇಳಿ ತಗೊಳ್ಳಿ. ಎರಡು ಬರಿ ಲೋಹದ ಕಡ್ಡಿ ಇರೋದು ಒದ್ದೆ ಮಣ್ಣಲ್ಲಿ ಬೇಗ ತುಕ್ಕು ಹಿಡಿದು ಸುಳ್ಳು ಲೆಕ್ಕ ಹೇಳುತ್ತೆ. ನೀರಿಗೆ 5 ವೋಲ್ಟಿನ ಪುಟ್ಟ ಪಂಪು, ಗಿಡಕ್ಕೆ ಶಾಲೆಯದೇ ಕುಂಡ. ನಿಜವಾದ ಬೋರ್‌ವೆಲ್ ಸ್ಟಾರ್ಟರ್, ತ್ರೀ ಫೇಸ್ ಲೈನ್ ಹತ್ತಿರ ಯಾವ ಕಾರಣಕ್ಕೂ ಮಕ್ಕಳನ್ನು ಬಿಡಬೇಡಿ. ಕುಂಡದಲ್ಲಿ ಕೆಲಸ ಮಾಡಿದರೆ ಐಡಿಯಾ ಸರಿ ಇದೆ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಅದನ್ನೇ ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ಬರೆದು ಕಳಿಸಿ. ಆಯ್ಕೆಯಾದ ಮಗುವಿಗೆ ಮಾದರಿ ಮಾಡೋಕೆ 10,000 ರೂಪಾಯಿ ಬರುತ್ತೆ.

ಇನ್ನೊಂದು ಮಾತು. ನಿಮ್ಮ ಪಟ್ಟಿಯಲ್ಲಿ ಇರಬೇಕಾದ ಇನ್ನೊಂದು ದಾನ ಅಂದರೆ ಜನ. ನಮ್ಮ ಕಾಲೇಜಿನ ಕೊನೇ ವರ್ಷದ ಡಿಪ್ಲೊಮಾ ಮಕ್ಕಳಿಗೆ ಸೋಲ್ಡರಿಂಗ್ ಚೆನ್ನಾಗಿ ಬರುತ್ತೆ, ಅವರಲ್ಲಿ ಅರ್ಧ ಜನ ನಿಮ್ಮಂಥ ಶಾಲೆಯಿಂದಲೇ ಬಂದವರು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮೂರು ಗಂಟೆ ಕೂರೋಕೆ ಜಾಗ ಕೊಡಿ, ನಾನೇ ಕರೆದುಕೊಂಡು ಬರುತ್ತೇನೆ. ಬಸ್ ಖರ್ಚನ್ನು ದಾನಿಯ ಮೂವತ್ತು ಸಾವಿರದಲ್ಲೇ ತೋರಿಸಿ. ನಮ್ಮ ಪ್ರಿನ್ಸಿಪಾಲರ ಹೆಸರಿಗೆ ನಿಮ್ಮ ಹೆಚ್‌ಎಂ ಸರ್ ಒಂದು ಪತ್ರ ಬರೆದರೆ ಸಾಕು. ಪತ್ರದಲ್ಲಿ ಆ ರೈಲ್ವೆ ಗೇಟಿನ ಫೋಟೊನೂ ಇರಲಿ.