ಸಹಾಯ ಬೇಕು: ಕೃಷ್ಣೆಯ ನಡುಗಡ್ಡೆ ಕುರಿತ ಮಕ್ಕಳ ಚಿತ್ರಪುಸ್ತಕಕ್ಕೆ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ಮಕ್ಕಳ ಚಿತ್ರಪುಸ್ತಕಗಳ ಸಣ್ಣ ಪ್ರಕಾಶನ ನಡೆಸುತ್ತಿರುವ ನಾನು, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ನದಿಯ ನಡುವೆ ಇರುವ ನೀಲಕಂಠರಾಯನಗಡ್ಡಿಯ ಬದುಕನ್ನು ಕುರಿತು ಪುಸ್ತಕವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಹಲವು ಬಾರಿ ಸಂಪರ್ಕ ಕಡಿದುಕೊಂಡ ಆ ಊರಿನ ಮಕ್ಕಳು ತಮ್ಮ ಮನೆ, ಹೊಲ, ಹೊಳೆಗಳನ್ನು ಪುಸ್ತಕದಲ್ಲಿ ಕಾಣಬೇಕೆಂಬುದು ನನ್ನ ಆಸೆ. ನಮ್ಮ ಭಾಗದ ಮಕ್ಕಳಿಗೆ ದ್ವೀಪವೆಂದರೆ ಸಮುದ್ರ ಮತ್ತು ತೆಂಗಿನಮರಗಳ ಚಿತ್ರ ಮಾತ್ರ ಸಿಗುವುದು ನನಗೆ ಸರಿಕಾಣುವುದಿಲ್ಲ.

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕಾದ್ದರಿಂದ ಕಥೆಯನ್ನು 24 ಪುಟಗಳಿಗೆ ಹೊಂದಿಸಿದ್ದೇನೆ. ಆದರೆ ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟುಗಳ ಖರ್ಚು ಪ್ರತಿಗಳು ಕಡಿಮೆಯಾದರೂ ಇಳಿಯುವುದಿಲ್ಲವಾದ್ದರಿಂದ, 500 ಪ್ರತಿಗಳಷ್ಟೇ ಹಾಕಿಸಿದರೆ ಬೆಲೆ ಬಡ ಪಾಲಕರ ಕೈಗೆ ಎಟುಕದಂತಾಗುತ್ತದೆ. ಕಲಬುರಗಿ, ಸೊಲ್ಲಾಪುರ ಅಥವಾ ಹೈದರಾಬಾದಿನಲ್ಲಿ ಕಡಿಮೆ ಪ್ರತಿಗಳ ಬಹುವರ್ಣ ಮುದ್ರಣವನ್ನು ಅಚ್ಚುಕಟ್ಟಾಗಿ ಮಾಡಿಕೊಡುವವರನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಇದಕ್ಕಿಂತಲೂ ಮುಖ್ಯವಾದುದೆಂದರೆ, ಹರಿಗೋಲಿಗೆ ಹುಟ್ಟು ಹಾಕುವ ಬಗೆ, ದನಕರುಗಳನ್ನು ಹೊಳೆ ದಾಟಿಸುವ ರೀತಿ ಮುಂತಾದ ಚಿತ್ರಗಳನ್ನು ಅಚ್ಚಿಗೆ ಹೋಗುವ ಮುನ್ನ ನೋಡಿ ತಿದ್ದಬಲ್ಲ ಸುರಪುರ, ಹುಣಸಗಿ ಕಡೆಯ ಹಿರಿಯರ ನೆರವು ಬೇಕಾಗಿದೆ. ಅವರಿಗೆ ಗೌರವಧನ ಸಲ್ಲಿಸುವುದರ ಜೊತೆಗೆ, ಒಪ್ಪಿದರೆ ಅವರ ಹೆಸರನ್ನೂ ಪುಸ್ತಕದಲ್ಲಿ ಮುದ್ರಿಸುತ್ತೇನೆ. ಪರಿಚಯವಿದ್ದವರು ಇಲ್ಲಿಯೇ ಉತ್ತರಿಸಬೇಕೆಂದು ವಿನಂತಿ.