ನಾಯಿ, ಬೆಕ್ಕುಗಳ ವಿದೇಶ ಪ್ರಯಾಣ: ಚಿಪ್ ಮೊದಲು, ಚುಚ್ಚುಮದ್ದು ಆಮೇಲೆ

ಪ್ರಶ್ನೆ (ಕಡಿಯಾಳಿ, ಉಡುಪಿ): ನಮಸ್ಕಾರ ಡಾಕ್ಟರೇ. ನನ್ನ ಗಂಡನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದ್ದು, ನವೆಂಬರ್ ಎರಡನೆಯ ವಾರಕ್ಕೆ ನಾವಿಬ್ಬರೂ ಟಿಕೆಟ್ ಮಾಡಿಸಿದ್ದೇವೆ. ನಮ್ಮ ಕರಿಯ ನಾಲ್ಕು ವರ್ಷದ ಊರನಾಯಿ, 18 ಕಿಲೋ ತೂಗುತ್ತಾನೆ. ಪ್ರತಿವರ್ಷದಂತೆ ಈ ಜೂನ್‌ನಲ್ಲೂ ರೇಬಿಸ್ ಚುಚ್ಚುಮದ್ದು ಆಗಿದೆ, ಜುಲೈಯಲ್ಲಿ ಮೈಕ್ರೋಚಿಪ್ ಹಾಕಿಸಿದ್ದೇವೆ. ಈಗ ಆಗಸ್ಟ್ ಕೊನೆ. ಇನ್ನು ಒಂದು ಆರೋಗ್ಯ ಪ್ರಮಾಣಪತ್ರ ಸಿಕ್ಕಿದರೆ ಸಾಕೇ? ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದಲೇ ಅವನನ್ನು ಕರೆದೊಯ್ಯಬಹುದೇ?

ಉತ್ತರ: ನಿಮಗೆ ಬೇಸರವಾಗುವ ವಿಷಯವನ್ನೇ ಮೊದಲು ಹೇಳುತ್ತೇನೆ. ನವೆಂಬರ್‌ನಲ್ಲಿ ಕರಿಯ ನಿಮ್ಮೊಂದಿಗೆ ಬರಲಾರ.

ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಚಿಪ್ ಹಾಕುವುದಕ್ಕಿಂತ ಮೊದಲು ಕೊಟ್ಟ ರೇಬಿಸ್ ಚುಚ್ಚುಮದ್ದು ಲೆಕ್ಕಕ್ಕೇ ಬರುವುದಿಲ್ಲ. ಚುಚ್ಚುಮದ್ದು ಬಿದ್ದದ್ದು ಇದೇ ನಾಯಿಗೆ ಎಂದು ತೋರಿಸಲು ಅವರು ಒಪ್ಪುವ ಸಾಕ್ಷಿ ಚರ್ಮದಡಿ ಹಾಕಿದ ಆ ಚಿಪ್ಪಿನ 15 ಅಂಕಿಗಳು ಮಾತ್ರ. ಜೂನ್‌ನಲ್ಲಿ ಆ ಅಂಕಿಗಳೇ ಇರಲಿಲ್ಲ. ಆದ್ದರಿಂದ ಈಗ ಮತ್ತೊಮ್ಮೆ ಚುಚ್ಚುಮದ್ದು ಹಾಕಿಸಬೇಕು. ಆರೋಗ್ಯವಾಗಿರುವ ನಾಯಿಗೆ ಎರಡು ತಿಂಗಳ ಅಂತರದಲ್ಲಿ ಮತ್ತೆ ಹಾಕಿಸಿದರೆ ತೊಂದರೆಯೇನಿಲ್ಲ.

ರೇಬಿಸ್ ವಿಷಯದಲ್ಲಿ ಒಕ್ಕೂಟವು ನಂಬುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲದಿರುವುದರಿಂದ ರಕ್ತಪರೀಕ್ಷೆಯೂ ಕಡ್ಡಾಯ. ಚುಚ್ಚುಮದ್ದಾಗಿ ಕನಿಷ್ಠ 30 ದಿನಗಳ ಬಳಿಕ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಒಕ್ಕೂಟದ ಮನ್ನಣೆ ಪಡೆದ ಪ್ರಯೋಗಾಲಯಕ್ಕೇ ಕಳುಹಿಸಬೇಕು. ರೇಬಿಸ್ ತಡೆಯುವ ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಅಷ್ಟು ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆಯದೆ ಪ್ರವೇಶವಿಲ್ಲ. ಸೆಪ್ಟೆಂಬರ್ 1ಕ್ಕೆ ಚುಚ್ಚುಮದ್ದಾದರೆ ಅಕ್ಟೋಬರ್ 1ಕ್ಕೆ ರಕ್ತ, ಅಲ್ಲಿಂದ ಮೂರು ತಿಂಗಳೆಂದರೆ ಜನವರಿ 1. ಈ ಲೆಕ್ಕವನ್ನು ಯಾವ ಶಿಫಾರಸಿನಿಂದಲೂ ಕಿರಿದು ಮಾಡಲಾಗುವುದಿಲ್ಲ. ಕರಿಯನಿಗೆ ವರ್ಷವರ್ಷವೂ ಚುಚ್ಚುಮದ್ದಾಗಿರುವುದರಿಂದ ಪರೀಕ್ಷೆಯಲ್ಲಿ ಅವನು ಸೋಲುತ್ತಾನೆಂಬ ಭಯ ನನಗಿಲ್ಲ. ಒಂದೇ ಒಂದು ಚುಚ್ಚುಮದ್ದು ಕಂಡ ಮರಿಗಳಲ್ಲಿ ಕೆಲವೊಮ್ಮೆ ಪ್ರಮಾಣ ಕಡಿಮೆ ಬರುವುದುಂಟು.

ಚುಚ್ಚುಮದ್ದು ಹಾಕಿಸುವ ದಿನ ವೈದ್ಯರಿಂದ ಚಿಪ್ಪನ್ನು ಸ್ಕ್ಯಾನರ್‌ನಲ್ಲಿ ಓದಿಸಿ, ಪರದೆಯಲ್ಲಿ ಕಂಡ ಅಂಕಿಗಳನ್ನು ಚುಚ್ಚುಮದ್ದಿನ ಪುಸ್ತಕದಲ್ಲಿ ಅಂಟಿಸಿದ ಚಿಪ್ ಸ್ಟಿಕ್ಕರಿನೊಂದಿಗೆ ನೀವೇ ಒಂದೊಂದಾಗಿ ಹೋಲಿಸಿ ನೋಡಿ. ನನ್ನಲ್ಲಿಗೆ ಬಂದಿದ್ದ ಒಂದು ಮನೆಯ ಅಣ್ಣತಮ್ಮ ನಾಯಿಗಳ ಸ್ಟಿಕ್ಕರ್‌ಗಳು ಒಂದರ ಪುಸ್ತಕದಿಂದ ಇನ್ನೊಂದಕ್ಕೆ ಅದಲುಬದಲಾಗಿದ್ದವು. ರಕ್ತ ತೆಗೆಯುವ ಮುನ್ನ ಸ್ಕ್ಯಾನರ್ ಹಿಡಿದದ್ದರಿಂದ ಅದು ತಿಳಿಯಿತು. ವಿಮಾನ ನಿಲ್ದಾಣದಲ್ಲಿ ತಿಳಿದಿದ್ದರೆ ಎರಡೂ ನಾಯಿಗಳು ಅಲ್ಲಿಂದಲೇ ಮನೆಗೆ ವಾಪಸ್.

ಇನ್ನು ಪ್ರಮಾಣಪತ್ರದ ಮಾತು. ನನ್ನಂಥ ಖಾಸಗಿ ವೈದ್ಯನ ಕಾಗದ ಒಂದರಿಂದಲೇ ನಾಯಿ ದೇಶ ಬಿಡುವಂತಿಲ್ಲ. ಕೇಂದ್ರ ಪಶುಸಂಗೋಪನಾ ಇಲಾಖೆಯ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಅಧಿಕಾರಿ, ಎಂದರೆ ಎ.ಕ್ಯೂ.ಸಿ.ಎಸ್. ವೈದ್ಯರು, ಪ್ರಾಣಿಯನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದುಗಳಂಥ ನಗರಗಳಲ್ಲಿ ಅವರ ಕಚೇರಿಯಿದೆ, ಮಂಗಳೂರಿನಲ್ಲಿಲ್ಲ. ಹಾಗಾಗಿ ನಿಮ್ಮ ದಾರಿ ಬೆಂಗಳೂರಿನದೇ. ಒಕ್ಕೂಟದ ನಮೂನೆಯ ಪ್ರಮಾಣಪತ್ರಕ್ಕೆ ಸಹಿ ಬಿದ್ದ ದಿನದಿಂದ 10 ದಿನಗಳೊಳಗೆ ಅಲ್ಲಿ ಇಳಿದಿರಬೇಕಾದ್ದರಿಂದ ಅದನ್ನು ತಿಂಗಳ ಮುಂಚೆ ಮಾಡಿಸಿಟ್ಟುಕೊಳ್ಳಲೂ ಆಗದು. ಪ್ರಯಾಣಕ್ಕೆ ನಾಲ್ಕೈದು ದಿನ ಮುಂಚೆಯೇ ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರಿಕೊಳ್ಳಿ.

ಪ್ರಶ್ನೆ (ಅವರೇ): ಹಾಗಾದರೆ ನಾವಿಬ್ಬರೂ ನವೆಂಬರ್‌ನಲ್ಲಿ ಹೋಗಿ, ಕರಿಯನನ್ನು ಬ್ರಹ್ಮಾವರದ ಅಮ್ಮನ ಮನೆಯಲ್ಲಿ ಬಿಟ್ಟು, ಜನವರಿಯಲ್ಲಿ ತರಿಸಿಕೊಳ್ಳಬಹುದೇ?

ಉತ್ತರ: ತರಿಸಿಕೊಳ್ಳಬಹುದು, ಆದರೆ ಆಗ ಅವನು ಸಾಕುಪ್ರಾಣಿಯ ಲೆಕ್ಕದಿಂದ ವ್ಯಾಪಾರದ ಸರಕಿನ ಲೆಕ್ಕಕ್ಕೆ ಹೋಗುತ್ತಾನೆ. ಮಾಲೀಕರು, ಅಥವಾ ಮಾಲೀಕರು ಲಿಖಿತವಾಗಿ ಒಪ್ಪಿಗೆ ಕೊಟ್ಟವರು, ನಾಯಿಯನ್ನು ಕರೆದೊಯ್ಯಬಹುದು. ಆದರೆ ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಅದನ್ನು ಮೀರಿದರೆ ಬೇರೆ ಪ್ರಮಾಣಪತ್ರ, ಬೇರೆ ಶರತ್ತುಗಳು. ನಿಮ್ಮವರು ನವೆಂಬರ್‌ನಲ್ಲಿ ಹೋಗಿ ಮನೆ ಹಿಡಿಯಲಿ, ನೀವು ನಿಮ್ಮ ಟಿಕೆಟ್ಟನ್ನು ಮುಂದೂಡಿ ಜನವರಿಯಲ್ಲಿ ಕರಿಯನೊಂದಿಗೇ ಹೊರಡಿ. ಕಾಗದಗಳಲ್ಲಿ ಮಾಲೀಕರೆಂದು ನಿಮ್ಮ ಹೆಸರೇ ಇರಲಿ. ಟಿಕೆಟ್ ಬದಲಿಸಲು ಹೋಗುವ ಹಣ ಇನ್ನೊಂದು ದಾರಿಯ ಖರ್ಚಿನ ಮುಂದೆ ಹೆಚ್ಚೇನಲ್ಲ.

ಪ್ರಶ್ನೆ (ಮಣಿಪಾಲ): ನಾಯಿಯ ಪೆಟ್ಟಿಗೆಯನ್ನು ಇಲ್ಲಿಯ ಬಡಗಿಯಿಂದ ಮಾಡಿಸಬಹುದೇ? ಅಳತೆ ಹೇಗೆ?

ಉತ್ತರ: ಮಾಡಿಸಬಹುದು, ಆದರೆ ಅಳತೆಯಲ್ಲಿ ಎರಡು ಇಂಚು ತಪ್ಪಿದರೂ ಕೌಂಟರಿನಲ್ಲೇ ತಡೆಯುತ್ತಾರೆ. ಅಳೆಯುವಾಗ ನಾಯಿಯನ್ನು ನೇರವಾಗಿ ನಿಲ್ಲಿಸಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ತಲೆ ಅಥವಾ ನಿಮಿರಿದ ಕಿವಿ, ಯಾವುದು ಎತ್ತರವೋ ಅದಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಎತ್ತರ. 75 ಸೆಂಟಿಮೀಟರ್ ಉದ್ದ, 30 ಮೊಣಕೈ, 20 ಭುಜ, 62 ಕಿವಿಯಿರುವ ನಾಯಿಗೆ 90, 40, 65ರ ಪೆಟ್ಟಿಗೆ ಬೇಕು. ನಾಲ್ಕೂ ಬದಿಯಲ್ಲಿ ಗಾಳಿಗಿಂಡಿ, ಬಾಗಿಲು ತೆರೆಯದೆ ಹೊರಗಿನಿಂದ ನೀರು ಹಾಕಬಹುದಾದ ಬಟ್ಟಲು, ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ಲೋಹದ ನಟ್ಟು ಬೋಲ್ಟು ಇರಲಿ.

ಕಾರ್ಗೋದಲ್ಲಿ ನಾಯಿಯ ತೂಕಕ್ಕಲ್ಲ, ಪೆಟ್ಟಿಗೆ ಹಿಡಿಯುವ ಜಾಗಕ್ಕೆ ಹಣ ಕಟ್ಟಬೇಕಾಗಬಹುದು. ಮೂರು ಅಳತೆಗಳನ್ನು ಗುಣಿಸಿ 6,000ದಿಂದ ಭಾಗಿಸಿದರೆ ಮೇಲಿನ ಪೆಟ್ಟಿಗೆ 39 ಕಿಲೋ ಎಂದಾಯಿತು, ಒಳಗಿರುವ ನಾಯಿ 18 ಕಿಲೋ ಮಾತ್ರ ಇದ್ದರೂ.

ಪೆಟ್ಟಿಗೆಯನ್ನು ಎರಡು ತಿಂಗಳ ಮುಂಚೆಯೇ ಜಗಲಿಯಲ್ಲಿ ಬಾಗಿಲು ತೆರೆದಿಟ್ಟು, ದಿನದ ಅನ್ನ ಮತ್ತು ಬೂತಾಯಿ ಮೀನನ್ನು ಅದರೊಳಗೇ ಬಡಿಸಿ. ತಾನಾಗಿ ಹೋಗಿ ಅದರೊಳಗೆ ಮಲಗುವ ನಾಯಿ ವಿಮಾನದಲ್ಲೂ ಮಲಗುತ್ತದೆ.

ಪ್ರಶ್ನೆ (ಕಂಕನಾಡಿ, ಮಂಗಳೂರು): ಡಾಕ್ಟರೇ, ನಾವು ದುಬೈಗೆ ಹೋಗುವವರು. ಮಕ್ಕಳು ಪುಚ್ಚೆ ಎಂದೇ ಕರೆಯುವ ನಮ್ಮ ಬೆಕ್ಕು ಮೂರೂವರೆ ಕಿಲೋ ಇದೆ. ಬುಟ್ಟಿಯಲ್ಲಿಟ್ಟು ಮಡಿಲಲ್ಲಿ ಇಟ್ಟುಕೊಂಡರೆ ಆಗದೇ?

ಉತ್ತರ: ಆಗದು. ದುಬೈಯಲ್ಲಿ ಸಾಕುಪ್ರಾಣಿಗಳು ಕಾರ್ಗೋ ಆಗಿಯೇ ಇಳಿಯಬೇಕು. ಬಜ್ಪೆಯಿಂದ ಕೊಲ್ಲಿಗೆ ವಿಮಾನಗಳಿದ್ದರೂ ಪುಚ್ಚೆಯೂ ಬೆಂಗಳೂರಿಗೇ ಹೋಗಬೇಕು. ಯು.ಎ.ಇ.ಯ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯದಿಂದ ಆಮದು ಪರವಾನಗಿಯನ್ನು ಮುಂಚಿತವಾಗಿ ಪಡೆಯಬೇಕು. ಚಿಪ್, ರೇಬಿಸ್ ಚುಚ್ಚುಮದ್ದು, ರಕ್ತಪರೀಕ್ಷೆ ಬೆಕ್ಕಿಗೂ ಬೇಕು, ಬೆಕ್ಕುಗಳಿಗೆ ಕೊಡುವ ಸಂಯುಕ್ತ ಲಸಿಕೆಯೂ ಬೇಕು. ನಮ್ಮ ಕಡೆಯಲ್ಲಿ ಬೆಕ್ಕಿಗೆ ಚುಚ್ಚುಮದ್ದು ಹಾಕಿಸುವವರೇ ಕಡಿಮೆ, ಆದ್ದರಿಂದ ನೀವು ಬಹುಶಃ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ.

ಪ್ರಶ್ನೆ (ಮೂಲ್ಕಿ): ತಮ್ಮ ಹತ್ತು ವರ್ಷ ಕುವೈತ್‌ನಲ್ಲಿದ್ದು ಊರಿಗೆ ವಾಪಸಾಗುತ್ತಿದ್ದಾನೆ. ಅವನ ನಾಯಿಯನ್ನು ನೇರ ಮಂಗಳೂರಿಗೆ ತರಬಹುದೇ?

ಉತ್ತರ: ಮಂಗಳೂರಿಗೆ ನೇರವಾಗಿ ತರುವಂತಿಲ್ಲ, ಕ್ವಾರಂಟೈನ್ ಕಚೇರಿಯಿರುವ ನಗರಗಳಲ್ಲಿ ಒಂದರಲ್ಲಿ ಇಳಿಯಬೇಕು. ಖಾಯಂ ಆಗಿ ವಾಸ ಬದಲಿಸಿ ಬರುವವರಿಗೆ ಎರಡು ಸಾಕುಪ್ರಾಣಿಗಳವರೆಗೆ ಅವಕಾಶವಿದೆ. ಹೊರಡುವ ಮುನ್ನವೇ ಎ.ಕ್ಯೂ.ಸಿ.ಎಸ್.ನ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಬೇಕು, ಕುವೈತ್‌ನ ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು, ರೇಬಿಸ್ ಚುಚ್ಚುಮದ್ದಾಗಿ ಒಂದು ತಿಂಗಳು ಕಳೆದಿರಬೇಕು, ಒಂದು ವರ್ಷ ಮೀರಿರಬಾರದು.

ಪ್ರಶ್ನೆ (ಕಡಿಯಾಳಿ): ಕರಿಯನಿಗೆ ಇವತ್ತೇ ಚಿಪ್ ಓದಿಸಿ ಚುಚ್ಚುಮದ್ದು ಹಾಕಿಸಿದೆವು, ಡಾಕ್ಟರೇ. ಅಂಕಿಗಳು ಸರಿಯಾಗಿವೆ. ಕೊನೆಯದಾಗಿ ಒಂದು ಪ್ರಶ್ನೆ: ಪಯಣದ ದಿನ ನಿದ್ದೆಯ ಮಾತ್ರೆ ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಮಾತ್ರೆಯಿಂದ ರಕ್ತದೊತ್ತಡ ಇಳಿಯುತ್ತದೆ, ಮೈಬಿಸಿಯ ಹಿಡಿತ ತಪ್ಪುತ್ತದೆ, ಪೆಟ್ಟಿಗೆ ವಾಲಿದಾಗ ಕಾಲೂರಿ ನಿಲ್ಲಲು ನಾಯಿಗೆ ಆಗುವುದಿಲ್ಲ, ಮತ್ತು ಅಲ್ಲಿ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಮಂಪರಿನಲ್ಲಿರುವ ಪ್ರಾಣಿಯನ್ನು ಅನೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೂ ಇಲ್ಲ. ಅಂದು ಲಘುವಾಗಿ ಉಣಿಸಿ, ಚೆನ್ನಾಗಿ ನಡೆಸಿ, ನೀವು ಉಟ್ಟು ಒಗೆಯದ ಒಂದು ಹಳೆಯ ಸೀರೆಯನ್ನು ಪೆಟ್ಟಿಗೆಯಲ್ಲಿ ಹಾಸಿ.