ಐ-829 ತಿರಸ್ಕಾರವಾಗಿದೆ, ಎನ್‌ಟಿಎ ಬಂದಿದೆ. ಗ್ರೀನ್ ಕಾರ್ಡ್ ಹೋಯಿತೇ?

ಪ್ರಶ್ನೆ: ಇಬಿ-5 (ಅಮೆರಿಕದಲ್ಲಿ ಹಣ ಹೂಡಿ ಗ್ರೀನ್ ಕಾರ್ಡ್ ಪಡೆಯುವ ವೀಸಾ), ರೀಜನಲ್ ಸೆಂಟರ್ (ಹಲವರ ಹೂಡಿಕೆ ಒಟ್ಟುಗೂಡಿಸುವ, ಸರ್ಕಾರದ ಮಾನ್ಯತೆ ಇರುವ ಸಂಸ್ಥೆ) ಮೂಲಕ 5 ಲಕ್ಷ ಡಾಲರ್ ಹೂಡಿಕೆ. 10 ಉದ್ಯೋಗ ಸೃಷ್ಟಿಯಾಗಿದ್ದಕ್ಕೆ ಪುರಾವೆ ಸಾಲದು ಅಂತ ಐ-829 (ಗ್ರೀನ್ ಕಾರ್ಡಿನ ಮೇಲಿನ ಷರತ್ತು ತೆಗೆಸುವ ಅರ್ಜಿ) ತಿರಸ್ಕರಿಸಿದ್ದಾರೆ. ಈಗ ಇಮಿಗ್ರೇಷನ್ ಕೋರ್ಟಿಗೆ ಹಾಜರಾಗಲು ಎನ್‌ಟಿಎ ನೋಟಿಸ್ ಬಂದಿದೆ. ಕೆಲಸ ಬಿಡಬೇಕೇ? ಎಎಒಗೆ (ವಲಸೆ ಇಲಾಖೆಯ ಮೇಲ್ಮನವಿ ಕಚೇರಿ) ಅಪೀಲು ಹೋಗಬಹುದೇ?

ಉತ್ತರ 1: ಕೆಲಸ ಬಿಡಬೇಡಿ ಸರ್. ಗಡೀಪಾರು ಆದೇಶ ಅಂತಿಮವಾಗುವವರೆಗೆ ನಿಮ್ಮ ನಿವಾಸಿ ಸ್ಥಾನಕ್ಕೆ ತಾತ್ಕಾಲಿಕ ಪುರಾವೆ ಸಿಗುತ್ತದೆ. ಕಾರ್ಡಿನ ಅವಧಿ ಮುಗಿದಿದ್ದರೆ ಯುಎಸ್‌ಸಿಐಎಸ್ (ವಲಸೆ ಇಲಾಖೆ) ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು ಪಾಸ್‌ಪೋರ್ಟಿಗೆ ಐ-551 ಮೊಹರು (ಅದೇ ಆ ತಾತ್ಕಾಲಿಕ ಪುರಾವೆ) ಹಾಕಿಸಿಕೊಳ್ಳಿ. ಎಎಒ ಅಪೀಲು ಇರುವುದು ಐ-526ಕ್ಕೆ (ಹೂಡಿಕೆದಾರರ ಮೊದಲ ಅರ್ಜಿ), ಐ-829ಕ್ಕೆ ಇಲ್ಲ. ಐ-290ಬಿ ಫಾರಂನಲ್ಲಿ ಮರುಪರಿಶೀಲನೆ ಕೇಳಬಹುದು, ಗಡುವು 30 ದಿನ, ನೋಟಿಸ್ ಅಂಚೆಯಲ್ಲಿ ಬಂದಿದ್ದರೆ 33. ಆದರೆ ಅದರಿಂದ ಕೋರ್ಟ್ ಕೇಸು ನಿಲ್ಲುವುದಿಲ್ಲ.

ನಿಮ್ಮ ನಿಜವಾದ ಬಲ ಕೋರ್ಟಿನಲ್ಲೇ ಇದೆ. ಅರ್ಜಿಯಲ್ಲಿ ಹೇಳಿದ್ದು ಸುಳ್ಳು ಎಂದು ತೋರಿಸುವ ಹೊರೆ ಅಲ್ಲಿ ಸರ್ಕಾರದ್ದು. ಹಾಗಾಗಿ ಮೊದಲ ವಿಚಾರಣೆಯಲ್ಲಿ ಆರೋಪಗಳಿಗೆ ಸುಮ್ಮನೆ 'ಹೌದು' ಅನ್ನಬಾರದು. ವಕೀಲರ ಮೂಲಕ ಆರೋಪ ನಿರಾಕರಿಸಿ, ಐ-829 ಅನ್ನು ನ್ಯಾಯಾಧೀಶರೇ ಪರಿಶೀಲಿಸಲಿ ಎಂದು ಕೇಳಿ.

ಉತ್ತರ 2: ಉದ್ಯೋಗದ ಲೆಕ್ಕ ಬಿದ್ದುಹೋಗುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ರೀಜನಲ್ ಸೆಂಟರ್ ಕೇಸಿನಲ್ಲಿ ಹೆಚ್ಚಿನ ಉದ್ಯೋಗಗಳನ್ನು ಅರ್ಥಶಾಸ್ತ್ರಜ್ಞರು ಖರ್ಚಿನ ಮೇಲೆ ಅಂದಾಜಿಸುತ್ತಾರೆ. ಯೋಜನೆಯಲ್ಲಿ ಬರೆದ ಖರ್ಚು ಒಂದು, ಬ್ಯಾಂಕಿನಿಂದ ಹೋದ ಹಣ ಇನ್ನೊಂದು ಆದರೆ ಇಡೀ ವರದಿ ಕುಸಿಯುತ್ತದೆ. ಗುತ್ತಿಗೆದಾರರ ಬಿಲ್ಲು, ಅದೇ ಮೊತ್ತದ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಂತು ಬಿಡುಗಡೆಯ ಪತ್ರ, ಮೂರನ್ನೂ ಸಾಲುಸಾಲಾಗಿ ತಾಳೆ ಹಾಕಿ, ನಿಜವಾದ ಖರ್ಚಿನ ಮೇಲೆ ಹೊಸ ವರದಿ ಬರೆಸಿ. ಯೋಜನೆಯವರು ಕಾಗದ ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿದ ಪ್ರತಿ ಇಟ್ಟುಕೊಂಡು, ಸಬ್‌ಪೀನಾ (ದಾಖಲೆ ಕೊಡಿ ಎಂಬ ಆದೇಶ) ಹೊರಡಿಸಲು ನ್ಯಾಯಾಧೀಶರನ್ನು ಕೋರಬಹುದು.

ಪ್ರಶ್ನೆ: ಹಣ ಬಂದದ್ದು ಊರಿನ ಜಮೀನು ಮಾರಿ. ಪಹಣಿ, ಕ್ರಯಪತ್ರ ಮತ್ತೆ ಕೊಡಬೇಕೇ?

ಉತ್ತರ 2: ತಿರಸ್ಕಾರದ ನೋಟಿಸಿನಲ್ಲಿ ಹಣದ ಮೂಲದ ಮಾತಿಲ್ಲದಿದ್ದರೆ ಮೊದಲ ಆದ್ಯತೆ ಅದಕ್ಕೆ ಬೇಡ, ಆದರೆ ಸಿದ್ಧವಿರಲಿ. ಕನ್ನಡದ ಪ್ರತಿ ಪುಟಕ್ಕೂ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ ಮಾಡಿದ ದೃಢೀಕರಣ ಬೇಕು. ಗುಂಟೆಯನ್ನು ಗುಂಟೆ ಎಂದೇ ಬರೆಸಿ, 40 ಗುಂಟೆಗೆ ಒಂದು ಎಕರೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿಸಿ. ಪಹಣಿಯಲ್ಲಿ ತಂದೆಯ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್ ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗಿರಲಿ.

ಉತ್ತರ 3: ದಯವಿಟ್ಟು ಇದನ್ನು ಮರೆಯಬೇಡಿ. ಮನೆ ಬದಲಾದರೆ 5 ಕೆಲಸದ ದಿನಗಳೊಳಗೆ ಇಒಐಆರ್-33 (ಕೋರ್ಟಿಗೆ ಹೊಸ ವಿಳಾಸ ತಿಳಿಸುವ ಫಾರಂ) ಸಲ್ಲಿಸಬೇಕು. ನೋಟಿಸು ಹಳೆ ವಿಳಾಸಕ್ಕೆ ಹೋಗಿ ಒಂದು ವಿಚಾರಣೆ ತಪ್ಪಿದರೂ ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಆಗಬಹುದು. ಹೆಂಡತಿ, ಮಕ್ಕಳಿಗೂ ಪ್ರತ್ಯೇಕ ಎನ್‌ಟಿಎ ಬಂದಿದೆಯೇ ನೋಡಿ, ಕೇಸುಗಳನ್ನು ಒಟ್ಟುಗೂಡಿಸಲು ಕೇಳಿ. ಕೇಸು ನಡೆಯುವಾಗ ವಕೀಲರನ್ನು ಕೇಳದೆ ಊರಿಗೆ ಹೊರಡಬೇಡಿ. ತಿರುಗಿ ಬರುವಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

ತೀರ್ಪು ವಿರುದ್ಧ ಬಂದರೆ ಮುಂದಿನ ಮೆಟ್ಟಿಲು ಬಿಐಎ (ಇಮಿಗ್ರೇಷನ್ ಮೇಲ್ಮನವಿ ಮಂಡಳಿ). ಗಡುವಿನೊಳಗೆ ಅಪೀಲು ಅಲ್ಲಿ ತಲುಪಿರಬೇಕು, ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ಅಲ್ಲೂ ಸೋತರೆ 30 ದಿನದಲ್ಲಿ ಸರ್ಕ್ಯೂಟ್ ಕೋರ್ಟು (ಫೆಡರಲ್ ಮೇಲ್ಮನವಿ ಕೋರ್ಟು). ಅಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಗಡೀಪಾರು ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೇಳಬೇಕು.